ಬಿಳಿಯ ಹೆವಿವೇಟ್ ಬಾಕ್ಸರ್‌ಗಳ ಶ್ರೇಯಾಂಕ: ಮೊದಲ ಸ್ಥಾನ ಮಾರ್ಸಿಯಾನೋಗೇ ಸಲ್ಲಬೇಕೇ?

ಗರಡಿಮನೆ

ಬಿಳಿಯ ಹೆವಿವೇಟ್ (ಅತಿ ಹೆಚ್ಚು ತೂಕದ ವಿಭಾಗದ) ಬಾಕ್ಸರ್‌ಗಳಲ್ಲಿ ಶ್ರೇಷ್ಠರು ಯಾರು ಎಂಬ ಪ್ರಶ್ನೆ ಕಳೆದ ವಾರ ನಮ್ಮ ವೇದಿಕೆಯ ಬೇರೊಂದು ಚರ್ಚೆಯ ನಡುವೆ ಎದ್ದು, ಅಲ್ಲಿಯೇ ಹೂತುಹೋಯಿತು. ಅದಕ್ಕೊಂದು ಪ್ರತ್ಯೇಕ ಜಾಗವಿರಲಿ ಎಂದು ಇದನ್ನು ಆರಂಭಿಸುತ್ತಿದ್ದೇನೆ. ಚರ್ಮದ ಬಣ್ಣಕ್ಕೂ ಮುಷ್ಟಿಯ ಬಲಕ್ಕೂ ಸಂಬಂಧವಿದೆ ಎಂಬ ಅರ್ಥದಲ್ಲಿ ಯಾರೂ ಇದನ್ನು ಓದಬಾರದು. ಈ ವಿಂಗಡಣೆಯನ್ನು ಮಾಡಿದ್ದು ನಾವಲ್ಲ, ಹೆವಿವೇಟ್ ಪಟ್ಟವನ್ನು ಕೈಯಲ್ಲಿಟ್ಟುಕೊಂಡಿದ್ದವರೇ ಅದನ್ನು ಮಾಡಿದರು. ಆಗಿನ ಚಾಂಪಿಯನ್ ಜಾನ್ ಎಲ್. ಸಲಿವನ್ 1892ರಲ್ಲಿ ಪಂಥಾಹ್ವಾನ ಹೊರಡಿಸಿದಾಗ, ಕಪ್ಪು ವರ್ಣದ ಬಾಕ್ಸರ್‌ಗಳನ್ನು ತಾನು ಎದುರಿಸುವುದಿಲ್ಲವೆಂದು ಅದರಲ್ಲೇ ಬರೆದಿದ್ದ. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಕಪ್ಪು ಬಾಕ್ಸರ್ ಜಾಕ್ ಜಾನ್ಸನ್, ಬಿಳಿಯ ಚಾಂಪಿಯನ್ ಟಾಮಿ ಬರ್ನ್ಸ್‌ನನ್ನು ಪೊಲೀಸರೇ ನಡುವೆ ಬಂದು ಪಂದ್ಯ ನಿಲ್ಲಿಸುವಷ್ಟು ಬಡಿದು ಪಟ್ಟ ಗೆದ್ದ ಮೇಲೆ, ಅದನ್ನು ಮರಳಿ ತರಬಲ್ಲ ‘ಬಿಳಿಯರ ಭರವಸೆ’ಗಾಗಿ ಅಮೆರಿಕ ಹುಡುಕಾಡಿತು. 1915ರಲ್ಲಿ ಹವಾನಾದಲ್ಲಿ ಜೆಸ್ ವಿಲ್ಲಾರ್ಡ್ 26ನೇ ಸುತ್ತಿನಲ್ಲಿ ಜಾನ್ಸನ್‌ನನ್ನು ಕೆಡವಿದ. ಅಲ್ಲಿಂದ 1937ರಲ್ಲಿ ಜೋ ಲೂಯಿಸ್‌ಗೆ ಅವಕಾಶ ಸಿಗುವವರೆಗೆ, ಅಂದರೆ 22 ವರ್ಷಗಳ ಕಾಲ, ಒಬ್ಬನೇ ಒಬ್ಬ ಕಪ್ಪು ಬಾಕ್ಸರ್‌ಗೂ ಹೆವಿವೇಟ್ ಪಟ್ಟಕ್ಕಾಗಿ ಸೆಣಸಲು ಬಿಡಲಿಲ್ಲ.

ಗರಡಿಯಲ್ಲಿ ಬೆಳೆದ ನನ್ನಂಥವರಿಗೆ ಒಂದು ಅಭ್ಯಾಸವಿದೆ. ಯಾವುದಾದರೂ ಪೈಲ್ವಾನನ ಹೆಸರು ಕಿವಿಗೆ ಬಿದ್ದ ಕೂಡಲೇ, ಎಷ್ಟು ಕುಸ್ತಿ ಗೆದ್ದ ಎಂದು ಕೇಳುವುದಿಲ್ಲ, ಯಾರ ಜೊತೆ ಜೋಡಿ ಕಟ್ಟಿದರು, ಅಂದರೆ ಎದುರಾಳಿ ಯಾರು, ಎಂದು ಕೇಳುತ್ತೇವೆ. ಈ ಪಟ್ಟಿಗೂ ಅದೇ ಮಾನದಂಡವಿರಲಿ ಎಂಬುದು ನನ್ನ ಸೂಚನೆ. ಸದ್ಯಕ್ಕೆ ನನ್ನ ಕ್ರಮ ಹೀಗಿದೆ: ರಾಕಿ ಮಾರ್ಸಿಯಾನೋ, ಜಾಕ್ ಡೆಂಪ್ಸಿ, ವ್ಲಾಡಿಮಿರ್ ಕ್ಲಿಚ್ಕೊ, ಜೀನ್ ಟನಿ, ಒಲೆಕ್ಸಾಂಡರ್ ಉಸಿಕ್, ಜಿಮ್ ಜೆಫ್ರೀಸ್, ವಿಟಾಲಿ ಕ್ಲಿಚ್ಕೊ, ಟೈಸನ್ ಫ್ಯೂರಿ, ಮ್ಯಾಕ್ಸ್ ಶ್ಮೆಲಿಂಗ್, ಬಾಬ್ ಫಿಟ್ಸಿಮನ್ಸ್. ಇದು ಅಂತಿಮವೇನಲ್ಲ, ತಿದ್ದಿ.

ನೀಲಿಮೂಲೆ

ಮೊದಲ ಸ್ಥಾನದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮಾರ್ಸಿಯಾನೋನನ್ನು ಹೊಗಳುವವರು 49 ಪಂದ್ಯ, 49 ಗೆಲುವು, ಅವುಗಳಲ್ಲಿ 43 ನಾಕೌಟ್ ಎಂದಷ್ಟೇ ಹೇಳಿ ನಿಲ್ಲಿಸುವುದು ಅವನಿಗೆ ಮಾಡುವ ಅನ್ಯಾಯವೆಂದು ನನ್ನ ಅನಿಸಿಕೆ. ಐದು ಅಡಿ ಹತ್ತು ಅಂಗುಲದ ಆಸುಪಾಸಿನ ಎತ್ತರ, 83-84 ಕೆಜಿ ತೂಕ, ಹೆವಿವೇಟ್‌ಗೆ ತೀರಾ ಗಿಡ್ಡವಾದ ತೋಳು. ತರಬೇತುದಾರ ಚಾರ್ಲಿ ಗೋಲ್ಡ್‌ಮನ್ ಅವನ ಎತ್ತರವನ್ನು ಮರೆಮಾಚಲು ಹೋಗದೆ, ಇನ್ನಷ್ಟು ಕುಗ್ಗಿ ನಿಲ್ಲುವುದನ್ನು ಕಲಿಸಿದ. ಎದುರಾಳಿ ಕೆಳಮುಖವಾಗಿ ಹೊಡೆಯಬೇಕು, ಇವನು ಕೆಳಗಿನಿಂದ ಮೇಲಕ್ಕೆ ಹೊಡೆಯಬೇಕು, ಅದು ಲೆಕ್ಕ.

1952ರ ಸೆಪ್ಟೆಂಬರ್ 23ರ ಫಿಲಡೆಲ್ಫಿಯಾ ಪಂದ್ಯವನ್ನು ನೋಡದವರು ದಯವಿಟ್ಟು ಹುಡುಕಿ ನೋಡಿ. ಮೊದಲ ಸುತ್ತಿನಲ್ಲೇ ಆಗಿನ ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್‌ನ ಎಡ ಹುಕ್‌ಗೆ (ಪಕ್ಕದಿಂದ ಬಾಗಿ ಬರುವ ಗುದ್ದಿಗೆ) ಮಾರ್ಸಿಯಾನೋ ನೆಲಕ್ಕೆ ಬಿದ್ದ. ಅವನ ವೃತ್ತಿಜೀವನದಲ್ಲಿ ಅದೇ ಮೊದಲ ಬೀಳು. ಹನ್ನೆರಡು ಸುತ್ತು ಮುಗಿದಾಗ ಮೂವರು ಅಧಿಕಾರಿಗಳ ಎಣಿಕೆಯಲ್ಲೂ ಅವನು ಹಿಂದಿದ್ದ. ಹದಿಮೂರನೇ ಸುತ್ತಿನಲ್ಲಿ ವಾಲ್ಕಾಟ್ ಹಗ್ಗದ ಕಡೆಗೆ ಹಿಂದೆ ಸರಿಯುತ್ತಾನೆ, ಇಬ್ಬರೂ ಹೆಚ್ಚುಕಡಿಮೆ ಒಂದೇ ಕ್ಷಣಕ್ಕೆ ಬಲಗೈ ಎಸೆಯುತ್ತಾರೆ, ಮಾರ್ಸಿಯಾನೋನದು ಕೂದಲೆಳೆಯಷ್ಟು ಮೊದಲು ತಲುಪುತ್ತದೆ. ಆ ಗುದ್ದು ಬಂದ ದೂರ ಒಂದಡಿಯೂ ಇರಲಿಕ್ಕಿಲ್ಲ. ವಾಲ್ಕಾಟ್ ಬಿದ್ದದ್ದು ಬೀಳಿನಂತೆಯೂ ಇಲ್ಲ, ಒಂದು ತೋಳು ಹಗ್ಗಕ್ಕೆ ಸಿಕ್ಕಿಕೊಂಡು, ಗೋಡೆಗೆ ಒರಗಿಸಿಟ್ಟ ಮೂಟೆ ಜಾರಿದಂತೆ ಕುಸಿಯುತ್ತಾನೆ. ಅಂಕಗಳ ಮೇಲೆ ಸೋತ ಪಂದ್ಯವನ್ನು ಒಂದೇ ಗುದ್ದಿನಿಂದ ತಿರುಗಿಸಿದವನು ಮೊದಲ ಸ್ಥಾನಕ್ಕೆ ತಕ್ಕವನಲ್ಲವೆಂದರೆ ಇನ್ನಾರು ತಕ್ಕವರು?

ಅಂಕಪಟ್ಟಿ

ನೀಲಿಮೂಲೆಯವರ ವರ್ಣನೆಗೆ ನಮಸ್ಕಾರ. ಆದರೆ ಜೋಡಿ ಕಟ್ಟಿದ್ದು ಯಾರ ಜೊತೆ ಎಂಬ ಮಾನದಂಡವನ್ನು ಒಪ್ಪಿಕೊಂಡ ಮೇಲೆ, ಆ ಜೋಡಿಯ ವಯಸ್ಸನ್ನೂ ಕೇಳಬೇಕಾಗುತ್ತದೆ. 1951ರ ಅಕ್ಟೋಬರ್‌ನಲ್ಲಿ ಮಾರ್ಸಿಯಾನೋ ಎಂಟನೇ ಸುತ್ತಿನಲ್ಲಿ ಹಗ್ಗದಾಚೆಗೆ ಉರುಳಿಸಿದ ಜೋ ಲೂಯಿಸ್‌ಗೆ ಆಗ 37 ವರ್ಷ. ವಾಲ್ಕಾಟ್‌ಗೆ 38. 1955ರಲ್ಲಿ ಎದುರಿಸಿದ ಆರ್ಚಿ ಮೂರ್‌ಗೂ 38, ಅದೂ ಲೈಟ್ ಹೆವಿವೇಟ್ ಚಾಂಪಿಯನ್. ಹೆಸರಾಂತ ಎದುರಾಳಿಗಳಲ್ಲಿ ಎಜರ್ಡ್ ಚಾರ್ಲ್ಸ್ ಒಬ್ಬನೇ 32ರ ಪ್ರಾಯದವನು, ಅವನು 1954ರ ಜೂನ್‌ನಲ್ಲಿ ಹದಿನೈದು ಸುತ್ತೂ ನಿಂತ. ಪಟ್ಟ ಉಳಿಸಿಕೊಂಡ ಪಂದ್ಯಗಳು ಒಟ್ಟು ಆರು. 1956ರ ಏಪ್ರಿಲ್‌ನಲ್ಲಿ, 32ನೇ ವಯಸ್ಸಿನಲ್ಲಿ ನಿವೃತ್ತಿ. ಸೋಲದೆ ಉಳಿಯಲು ಸರಿಯಾದ ಹೊತ್ತಿಗೆ ಎದ್ದುಹೋಗುವುದೂ ಒಂದು ಕಲೆ ಎಂಬುದನ್ನು ನಾನು ಒಪ್ಪುತ್ತೇನೆ, ಆದರೆ ಅದಕ್ಕೆ ಅಂಕ ಕೊಡಲಾರೆ.

ಇದರ ಪಕ್ಕದಲ್ಲಿ ವ್ಲಾಡಿಮಿರ್ ಕ್ಲಿಚ್ಕೊನನ್ನು ಇಟ್ಟು ನೋಡಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸೂಪರ್ ಹೆವಿವೇಟ್ ಚಿನ್ನ. 2003ರಲ್ಲಿ ಕೋರಿ ಸ್ಯಾಂಡರ್ಸ್ ಎರಡೇ ಸುತ್ತಿನಲ್ಲಿ ಮುಗಿಸಿದ, 2004ರಲ್ಲಿ ಲೇಮನ್ ಬ್ರೂಸ್ಟರ್ ಐದನೇ ಸುತ್ತಿನಲ್ಲಿ ಮುಗಿಸಿದ. ಗಾಜಿನ ದವಡೆಯವನು ಎಂದು ಎಲ್ಲರೂ ಕೈಬಿಟ್ಟ ಆ ಹೊತ್ತಿನಲ್ಲಿ ತರಬೇತುದಾರ ಎಮ್ಯಾನುಯೆಲ್ ಸ್ಟೀವರ್ಡ್ ಅವನನ್ನು ಮತ್ತೆ ಕಟ್ಟಿದ. ಎಡಗೈ ಜ್ಯಾಬ್‌ನಿಂದ (ಚುರುಕಾದ ನೇರ ಗುದ್ದಿನಿಂದ) ದೂರ ಅಳೆಯುವುದು, ಎದುರಾಳಿ ಒಳನುಗ್ಗಿದರೆ ಮೇಲೆ ಬಿದ್ದು ತಬ್ಬಿ ಅದುಮುವುದು, ಅವನು ಬಿಡಿಸಿಕೊಂಡು ಹಿಂದೆ ಸರಿಯುವಾಗ ಬಲಗೈ. 2006ರ ಏಪ್ರಿಲ್‌ನಲ್ಲಿ ಕ್ರಿಸ್ ಬರ್ಡ್‌ನನ್ನು ಸೋಲಿಸಿ ಪಡೆದ ಪಟ್ಟವನ್ನು 2015ರ ನವೆಂಬರ್‌ವರೆಗೆ ಹದಿನೆಂಟು ಬಾರಿ ಉಳಿಸಿಕೊಂಡ. ಹೆವಿವೇಟ್ ಚರಿತ್ರೆಯಲ್ಲಿ ಇದಕ್ಕಿಂತ ದೀರ್ಘವಾಗಿ ಒಂದೇ ಸಮನೆ ಆಳಿದವನು ಜೋ ಲೂಯಿಸ್ ಮಾತ್ರ.

ನನ್ನ ಪಟ್ಟಿಯಲ್ಲಿ ಮೊದಲನೆಯವನು ವ್ಲಾಡಿಮಿರ್.

ನೀಲಿಮೂಲೆ

2013ರ ಮಾಸ್ಕೋ ಪಂದ್ಯದಲ್ಲಿ ಅಲೆಕ್ಸಾಂಡರ್ ಪೊವೆಟ್ಕಿನ್‌ನನ್ನು ಎಷ್ಟು ಬಾರಿ ತಬ್ಬಿಕೊಂಡನೆಂದು ಎಣಿಸಲು ಹೊರಟು ನಾನು ಅರ್ಧಕ್ಕೇ ಬಿಟ್ಟೆ. ಅದನ್ನು ಆಳ್ವಿಕೆ ಎನ್ನುವುದಾದರೆ ಎನ್ನಿ, ಬಾಕ್ಸಿಂಗ್ ಎನ್ನಬೇಡಿ.

ಮೂರನೇ ನಿಮಿಷ

ಶ್ರೇಯಾಂಕದೊಳಗೆ ಇಳಿಯುವ ಮೊದಲು ವಿಂಗಡಣೆಯ ಬಗ್ಗೆಯೇ ಎರಡು ಮಾತು ಸೇರಿಸಬೇಕೆನಿಸುತ್ತದೆ. ಸಲಿವನ್ ಐರಿಷ್ ವಲಸಿಗರ ಮಗ. ಮಾರ್ಸಿಯಾನೋ ಬ್ರಾಕ್ಟನ್ ಎಂಬ ಪಾದರಕ್ಷೆ ಕಾರ್ಖಾನೆಗಳ ಊರಿನ ಇಟಾಲಿಯನ್ ಕಾರ್ಮಿಕನ ಮಗ. ಅವರವರ ಕಾಲದ ಅಮೆರಿಕದಲ್ಲಿ ಈ ಎರಡೂ ಸಮುದಾಯಗಳನ್ನು ಕೀಳಾಗಿ ಕಾಣುವವರಿಗೆ ಕೊರತೆಯಿರಲಿಲ್ಲ. ರಿಂಗ್‌ನೊಳಗೆ ಕಪ್ಪು ಬಾಕ್ಸರ್ ಎದುರು ನಿಂತಾಗ ಮಾತ್ರ ಅವರು ತಟ್ಟನೆ ಬಿಳಿಯರಾಗುತ್ತಿದ್ದರು.

ಎರಡನೆಯದು, ಮಾರ್ಸಿಯಾನೋ ನಂತರದ ಖಾಲಿ ಜಾಗ. 1959ರ ಜೂನ್‌ನಲ್ಲಿ ಸ್ವೀಡನ್ನಿನ ಇಂಗೆಮಾರ್ ಜೋಹಾನ್ಸನ್, ಫ್ಲಾಯ್ಡ್ ಪ್ಯಾಟರ್ಸನ್‌ನನ್ನು ಮೂರನೇ ಸುತ್ತಿನಲ್ಲಿ ಏಳು ಬಾರಿ ಕೆಡವಿ ಪಟ್ಟ ಗೆದ್ದ, ಮರುವರ್ಷವೇ ಕಳೆದುಕೊಂಡ. ಆಮೇಲೆ 1983ರಲ್ಲಿ ದಕ್ಷಿಣ ಆಫ್ರಿಕಾದ ಗೆರಿ ಕೂಟ್ಸಿಯಾ ಒಂದು ಸಂಸ್ಥೆಯ ಪಟ್ಟ ಗೆಲ್ಲುವವರೆಗೆ ಯಾರೂ ಇಲ್ಲ. ಈ ಖಾಲಿ ಜಾಗಕ್ಕೆ ವಿಚಿತ್ರವಾದ ಕಾರಣಗಳನ್ನು ಹುಡುಕುವವರಿದ್ದಾರೆ. ಅವರು ಮರೆಯುವುದೇನೆಂದರೆ, ಪೂರ್ವ ಯುರೋಪಿನಲ್ಲಿ ಅಷ್ಟೂ ಕಾಲ ವೃತ್ತಿಪರ ಬಾಕ್ಸಿಂಗ್‌ಗೆ ಅವಕಾಶವೇ ಇರಲಿಲ್ಲ. ಮೂರು ಒಲಿಂಪಿಕ್ಸ್ ಚಿನ್ನ ಗೆದ್ದ ಕ್ಯೂಬಾದ ಟಿಯೊಫಿಲೊ ಸ್ಟೀವನ್ಸನ್‌ನನ್ನು ಸೋವಿಯತ್ ಒಕ್ಕೂಟದ ಇಗೋರ್ ವೈಸೋಟ್ಸ್ಕಿ ಎರಡು ಬಾರಿ ಸೋಲಿಸಿದ್ದ, 1976ರಲ್ಲಿ ಮಿನ್ಸ್ಕ್‌ನಲ್ಲಿ ನಾಕೌಟ್ ಮಾಡಿಯೇ ಸೋಲಿಸಿದ್ದ. ಅವನ ಹೆಸರು ನಿಮ್ಮಲ್ಲಿ ಯಾರ ಪಟ್ಟಿಯಲ್ಲೂ ಇಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಆ ಬಾಗಿಲು ತೆರೆದು ಒಂದು ದಶಕ ಕಳೆಯುವುದರೊಳಗೆ ಸೋವಿಯತ್ ವಾಯುಪಡೆಯ ಅಧಿಕಾರಿಯೊಬ್ಬನ ಇಬ್ಬರು ಮಕ್ಕಳು, ಅಂದರೆ ಕ್ಲಿಚ್ಕೊ ಸಹೋದರರು, ಹೆವಿವೇಟ್ ಅಂಗಳಕ್ಕೆ ಬಂದರು.

ಅಂದಹಾಗೆ, 1982ರಲ್ಲಿ ಲ್ಯಾರಿ ಹೋಮ್ಸ್ ಎದುರು ಗೆರಿ ಕೂನಿಯನ್ನು ನಿಲ್ಲಿಸಿ ಮತ್ತೊಮ್ಮೆ ‘ಬಿಳಿಯರ ಭರವಸೆ’ಯನ್ನು ಮಾರಾಟಕ್ಕಿಟ್ಟರು. ಕೂನಿ ಹದಿಮೂರು ಸುತ್ತು ಧೈರ್ಯದಿಂದ ನಿಂತ, ಸೋತ. ಆ ಇಬ್ಬರು ಮುಂದೆ ಸ್ನೇಹಿತರಾದರು, ಮಾರಿದವರು ದುಡ್ಡು ಎಣಿಸಿಕೊಂಡರು.

ಹಳೇ ರೀಲು

ಡೆಂಪ್ಸಿಗೆ ಎರಡನೇ ಸ್ಥಾನ ಕೊಟ್ಟಿರುವುದನ್ನು ನಾನು ಒಪ್ಪುವುದಿಲ್ಲ, ಹಾಗೆಂದು ಅವನನ್ನು ಇಷ್ಟಪಡದವನೂ ಅಲ್ಲ. 1919ರ ಜುಲೈ 4ರಂದು ಟೊಲಿಡೊದಲ್ಲಿ ತನಗಿಂತ 25 ಕೆಜಿಗೂ ಹೆಚ್ಚು ಭಾರವಿದ್ದ ವಿಲ್ಲಾರ್ಡ್‌ನನ್ನು ಮೊದಲ ಸುತ್ತಿನಲ್ಲಿ ಏಳು ಬಾರಿ ಉರುಳಿಸಿದ ಚಿತ್ರ ಇಂದಿಗೂ ಮೈ ಜುಮ್ಮೆನಿಸುತ್ತದೆ. ಬಿದ್ದವನು ಏಳುವವರೆಗೆ ದೂರದ ಮೂಲೆಗೆ ಹೋಗಿ ನಿಲ್ಲಬೇಕೆಂಬ ಕಟ್ಟಳೆ ಆಗ ಇರಲಿಲ್ಲ. ವಿಲ್ಲಾರ್ಡ್ ಮಂಡಿ ಎತ್ತುತ್ತಿದ್ದಂತೆಯೇ ಪಕ್ಕದಲ್ಲೇ ಕಾದಿದ್ದ ಡೆಂಪ್ಸಿಯ ಮುಂದಿನ ಹೊಡೆತ ಬೀಳುತ್ತಿತ್ತು.

ಆದರೆ ಜೋಡಿಯ ಪ್ರಶ್ನೆಗೆ ಬರೋಣ. ಏಳು ವರ್ಷ ಪಟ್ಟ ಕೈಯಲ್ಲಿದ್ದಾಗ ಅದಕ್ಕಾಗಿ ಡೆಂಪ್ಸಿ ಒಬ್ಬನೇ ಒಬ್ಬ ಕಪ್ಪು ಬಾಕ್ಸರ್‌ನನ್ನೂ ಎದುರಿಸಲಿಲ್ಲ. ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಬಾಗಿಲಲ್ಲೇ ಕಾದ. ನ್ಯೂಯಾರ್ಕಿನ ಬಾಕ್ಸಿಂಗ್ ಆಯೋಗ ಒತ್ತಡ ಹಾಕಿತು, 1925ರಲ್ಲಿ ಒಪ್ಪಂದಕ್ಕೆ ಸಹಿಯೂ ಬಿತ್ತು, ಪಂದ್ಯ ಏರ್ಪಡಿಸಲು ಹೊರಟವರಿಗೆ ಡೆಂಪ್ಸಿಯ ಹಣ ಹೊಂದಿಸಲಾಗಲಿಲ್ಲ. ತಪ್ಪು ಡೆಂಪ್ಸಿಯದೊಂದೇ ಎಂದು ನಾನು ಹೇಳಲಾರೆ, ಪ್ರವರ್ತಕ ಟೆಕ್ಸ್ ರಿಕಾರ್ಡ್‌ಗೂ ಆ ಪಂದ್ಯ ಬೇಕಿರಲಿಲ್ಲ. ಆದರೂ 1923ರ ಸೆಪ್ಟೆಂಬರ್‌ನಲ್ಲಿ ಲೂಯಿಸ್ ಫಿರ್ಪೊನನ್ನು ಕೆಡವಿದ ಮೇಲೆ ಮೂರು ವರ್ಷ ಪಟ್ಟವನ್ನು ಪಣಕ್ಕೇ ಇಡಲಿಲ್ಲ ಎಂಬುದು ಲೆಕ್ಕಕ್ಕೆ ಬರಲೇಬೇಕು.

ಅವನನ್ನು ಎರಡು ಬಾರಿ ಸೋಲಿಸಿದ ಟನಿ ಅವನಿಗಿಂತ ಕೆಳಗಿರುವುದಕ್ಕೆ ಕಾರಣವೇ ಕಾಣುವುದಿಲ್ಲ. 1927ರ ಷಿಕಾಗೋ ಪಂದ್ಯದ ‘ದೀರ್ಘ ಎಣಿಕೆ’ಯನ್ನು ಡೆಂಪ್ಸಿಯ ಅಭಿಮಾನಿಗಳು ಈಗಲೂ ಎತ್ತುತ್ತಾರೆ. ಏಳನೇ ಸುತ್ತಿನಲ್ಲಿ ಟನಿ ಬಿದ್ದಾಗ, ಮೂಲೆಗೆ ಹೋಗಬೇಕೆಂಬ ಹೊಸ ಕಟ್ಟಳೆ ಇದ್ದರೂ ಡೆಂಪ್ಸಿ ಹಳೇ ಚಾಳಿಯಂತೆ ಅಲ್ಲೇ ನಿಂತ. ರೆಫರಿ ಅವನನ್ನು ಕಳುಹಿಸಿ ಎಣಿಕೆ ಶುರುಮಾಡುವಷ್ಟರಲ್ಲಿ ಟನಿಗೆ ಒಟ್ಟು ಹದಿನಾಲ್ಕು ಸೆಕೆಂಡುಗಳಷ್ಟು ಸಿಕ್ಕವು. ನಾನು ಆ ತುಣುಕನ್ನು ಲೆಕ್ಕವಿಲ್ಲದಷ್ಟು ಬಾರಿ ನಿಧಾನಗತಿಯಲ್ಲಿ ನೋಡಿದ್ದೇನೆ. ಟನಿಯ ಎಡಗೈ ಕೆಳಗಿನ ಹಗ್ಗವನ್ನು ಹಿಡಿದಿದೆ, ತಲೆ ಎತ್ತಿ ರೆಫರಿಯ ಎಣಿಕೆಯನ್ನೇ ಗಮನಿಸುತ್ತಿದ್ದಾನೆ, ಒಂಬತ್ತಕ್ಕೆ ಎದ್ದ. ಮುಂದಿನ ಸುತ್ತಿನಲ್ಲಿ ಅವನೇ ಡೆಂಪ್ಸಿಯನ್ನು ಕೆಡವಿದ ಎಂಬುದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಆದರೆ ಒಂದು ಮಾತು: ಟನಿ ಹೆವಿವೇಟ್ ಚಾಂಪಿಯನ್ ಆಗಿ ಆಡಿದ್ದು ಆ ಮರುಪಂದ್ಯ ಮತ್ತು 1928ರಲ್ಲಿ ಟಾಮ್ ಹೀನಿಯ ಎದುರಿನದು, ಎರಡೇ. ಆದ್ದರಿಂದ ಅವನೂ ಇಳಿಯಬೇಕು, ಡೆಂಪ್ಸಿ ಅವನಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು.

ಎಡಚ

ಇಷ್ಟು ಹೊತ್ತಾದರೂ ಪಟ್ಟಿಯಲ್ಲಿ ಹೆಸರಿದ್ದರೂ ಉಸಿಕ್‌ನ ಬಗ್ಗೆ ಯಾರೂ ಮಾತೆತ್ತದಿರುವುದು ಎಡಗೈಯವರ ಹಣೆಬರಹವೆಂದು ಕಾಣುತ್ತದೆ. ಅಂಗಡಿಯೊಂದರ ಮಹಡಿಯ ಮೇಲಿದ್ದ ಸಣ್ಣ ಜಿಮ್‌ನಲ್ಲಿ ನಾನು ಬಾಕ್ಸಿಂಗ್ ಕಲಿಯಲು ಸೇರಿದಾಗ, ಅಲ್ಲಿದ್ದ ಸರ್ ನನ್ನನ್ನು ಬಲಗೈಯವನನ್ನಾಗಿ ಮಾಡಲು ಆರು ತಿಂಗಳು ಹೆಣಗಿದರು. ಎಡಗೈಯವನ ಜೊತೆ ಯಾರೂ ಸ್ಪಾರಿಂಗ್‌ಗೆ (ಅಭ್ಯಾಸದ ಕಾದಾಟಕ್ಕೆ) ಬರುವುದಿಲ್ಲ, ನಿನಗೆ ಜೋಡಿ ಸಿಗುವುದಿಲ್ಲ ಎಂಬುದು ಅವರ ವಾದವಾಗಿತ್ತು. ಎಡಗೈಯವನ ಬಲಗಾಲು ಎದುರಾಳಿಯ ಎಡಗಾಲಿಗೆ ಅಡ್ಡ ಬರುತ್ತದೆ, ಯಾರ ಪಾದ ಹೊರಗಿದೆಯೋ ಅವನ ಹಿಂದಿನ ಕೈ ನೇರವಾಗಿ ಎದುರಾಳಿಯ ಮುಖಕ್ಕೆ ಹೋಗುತ್ತದೆ. ಉಸಿಕ್ ಪಂದ್ಯ ನೋಡುವಾಗ ನಾನು ಅವನ ಕೈ ನೋಡುವುದೇ ಇಲ್ಲ, ಪಾದ ನೋಡುತ್ತೇನೆ. ಎದುರಾಳಿ ತಿರುಗಿ ಸರಿಹೊಂದಿಕೊಳ್ಳುವುದರೊಳಗೆ ಇವನು ಇನ್ನರ್ಧ ಹೆಜ್ಜೆ ಹೊರಗೆ ಸರಿದಿರುತ್ತಾನೆ. ಹನ್ನೆರಡು ಸುತ್ತು ಹೀಗೆ ತಿರುಗಿಸಿದರೆ ಎಂಥವನ ಕಾಲೂ ಸೋಲುತ್ತದೆ.

ಈಗ ಜೋಡಿಗಳನ್ನು ನೋಡಿ. 2012ರ ಲಂಡನ್ ಒಲಿಂಪಿಕ್ಸ್ ಚಿನ್ನದ ನಂತರ ಹೆವಿವೇಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಕ್ರೂಸರ್‌ವೇಟ್‌ನಲ್ಲಿ ನಾಲ್ಕೂ ಸಂಸ್ಥೆಗಳ ಪಟ್ಟಗಳನ್ನು ಒಟ್ಟುಗೂಡಿಸಿದ, ಅದಕ್ಕಾಗಿ 2018ರಲ್ಲಿ ಮಾಸ್ಕೋಗೇ ಹೋಗಿ ಮುರಾತ್ ಗಾಸಿಯೆವ್‌ನನ್ನು ಸೋಲಿಸಿದ. ಹೆವಿವೇಟ್‌ಗೆ ಏರಿ ಆಂಥನಿ ಜೋಶುವಾನನ್ನು 2021ರಲ್ಲಿ ಲಂಡನ್ನಿನಲ್ಲಿ, 2022ರಲ್ಲಿ ಜಿದ್ದಾದಲ್ಲಿ ಸೋಲಿಸಿದ. 2024ರ ಮೇ 18ರಂದು ರಿಯಾದ್‌ನಲ್ಲಿ, ತನಗಿಂತ ಹದಿನೇಳು ಕೆಜಿಯಷ್ಟು ಭಾರವಿದ್ದ ಫ್ಯೂರಿಯನ್ನು ಒಂಬತ್ತನೇ ಸುತ್ತಿನಲ್ಲಿ ಹಗ್ಗದಿಂದ ಹಗ್ಗಕ್ಕೆ ಓಲಾಡಿಸಿದ. ತೀರ್ಪುಗಾರರ ಅಂಕಗಳು 115-112, 114-113, ಮೂರನೆಯವರದು 113-114. ಡಿಸೆಂಬರ್‌ನ ಮರುಪಂದ್ಯದಲ್ಲಿ ಮೂವರೂ 116-112 ಎಂದೇ ಬರೆದರು. 2025ರ ಜುಲೈನಲ್ಲಿ ವೆಂಬ್ಲಿಯಲ್ಲಿ ಡೇನಿಯಲ್ ಡುಬುವಾನನ್ನು ಐದನೇ ಸುತ್ತಿನಲ್ಲಿ ಮುಗಿಸಿದಾಗ ಉಸಿಕ್‌ಗೆ 38 ವರ್ಷ. ಅಂಕಪಟ್ಟಿಯವರು ಮಾರ್ಸಿಯಾನೋನ ಎದುರಾಳಿಗಳ ವಯಸ್ಸು ಕೇಳಿದರು. ಇಲ್ಲಿ 38ರ ಪ್ರಾಯದವನು ಗೆದ್ದವನು, ಡುಬುವಾಗೆ ಆಗ 27 ವರ್ಷ.

ಅಂಕಪಟ್ಟಿ

ಎಡಚ ಅವರ ಕೊನೆಯ ವಾಕ್ಯಕ್ಕೆ ನನ್ನ ಬಳಿ ಉತ್ತರವಿಲ್ಲ. ಆದರೆ ಹೆವಿವೇಟ್‌ನಲ್ಲಿ ಉಸಿಕ್ ಆಡಿದ ಪಂದ್ಯಗಳು ಕೈಬೆರಳೆಣಿಕೆಯಷ್ಟು ಎಂಬ ಆಕ್ಷೇಪವನ್ನು ದಾಖಲಿಸುತ್ತೇನೆ. ಹಾಗೆಯೇ ವ್ಲಾಡಿಮಿರ್‌ನ ಅತ್ಯುತ್ತಮ ಪಂದ್ಯ ಅವನು ಸೋತ ಪಂದ್ಯವೇ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. 2017ರ ಏಪ್ರಿಲ್ 29ರ ಜೋಶುವಾ ಪಂದ್ಯ ನಮ್ಮಲ್ಲಿ ಶುರುವಾಗುವ ಹೊತ್ತಿಗೆ ರಾತ್ರಿ ಎರಡೂವರೆ ದಾಟಿತ್ತು. ಮನೆಯವರು ಏಳಬಾರದೆಂದು ಧ್ವನಿ ಪೂರ್ತಿ ಮುಚ್ಚಿ ನೋಡುತ್ತಿದ್ದೆ. ಐದನೇ ಸುತ್ತಿನಲ್ಲಿ ವ್ಲಾಡಿಮಿರ್ ಬಿದ್ದ, ಆರನೇ ಸುತ್ತಿನಲ್ಲಿ 41ರ ಪ್ರಾಯದ ಅದೇ ಮನುಷ್ಯ ಬಲಗೈಯಿಂದ ಜೋಶುವಾನನ್ನು ಕೆಡವಿದ. ತಬ್ಬಿಕೊಳ್ಳುವುದನ್ನು ಬಿಟ್ಟು ಅಂದು ಬಾಕ್ಸಿಂಗ್ ಆಡಿದ, ನೀಲಿಮೂಲೆಯವರು ಅದನ್ನಾದರೂ ಒಪ್ಪುತ್ತಾರೆಂದು ನಂಬಿದ್ದೇನೆ. ಹನ್ನೊಂದನೇ ಸುತ್ತಿನಲ್ಲಿ ಜೋಶುವಾನ ಆ ಅಪ್ಪರ್‌ಕಟ್ (ಕೆಳಗಿನಿಂದ ಗಲ್ಲಕ್ಕೇರುವ ಗುದ್ದು) ಬಂದಾಗ ನಾನು ಕೂಗಿಬಿಟ್ಟೆ, ಮನೆಯವರು ಎದ್ದರು.

ನೀಲಿಮೂಲೆ

ಅದನ್ನು ಒಪ್ಪುತ್ತೇನೆ. ಜೊತೆಗೆ ಪಟ್ಟಿಯ ತಳದಲ್ಲಿ ಬಿದ್ದಿರುವ ಫಿಟ್ಸಿಮನ್ಸ್ ಬಗ್ಗೆ ಒಂದು ಮನವಿ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಹುಟ್ಟಿ, ನ್ಯೂಜಿಲೆಂಡ್‌ನಲ್ಲಿ ಕಮ್ಮಾರಿಕೆ ಮಾಡಿ ಬೆಳೆದ ಈ ಮನುಷ್ಯ 76 ಕೆಜಿ ತೂಕದಲ್ಲಿ, 1897ರಲ್ಲಿ ಕಾರ್ಸನ್ ಸಿಟಿಯಲ್ಲಿ ಚಾಂಪಿಯನ್ ಜಿಮ್ ಕಾರ್ಬೆಟ್‌ನನ್ನು ಎದೆಗೂಡಿನ ಕೆಳಗೆ ಒಂದು ಗುದ್ದಿನಿಂದ ಕುಸಿಸಿದ. ಮಿಡಲ್‌ವೇಟ್, ಲೈಟ್ ಹೆವಿವೇಟ್, ಹೆವಿವೇಟ್ ಮೂರರಲ್ಲೂ ವಿಶ್ವ ಪಟ್ಟ ಗೆದ್ದ. ಆ ತೂಕದವನನ್ನು ಇಂದು ಹೆವಿವೇಟ್ ರಿಂಗ್‌ನ ಹತ್ತಿರಕ್ಕೂ ಬಿಡುವುದಿಲ್ಲ.

ಜೆಫ್ರೀಸ್ ಬಗ್ಗೆ ಮಾತ್ರ ನನಗೆ ಕನಿಕರವಿಲ್ಲ. ಚಾಂಪಿಯನ್ ಆಗಿದ್ದಾಗ ಜಾನ್ಸನ್‌ಗೆ ಅವಕಾಶ ಕೊಡದೆ 1905ರಲ್ಲಿ ನಿವೃತ್ತನಾಗಿ, ಐದು ವರ್ಷ ರಿಂಗ್ ಹತ್ತದೆ ಕುಳಿತು, 1910ರ ಜುಲೈ 4ರಂದು ರೀನೋದಲ್ಲಿ ಬಿಳಿಯರ ಮಾನ ಉಳಿಸಲು ಬಂದ. ಹದಿನೈದನೇ ಸುತ್ತಿನಲ್ಲಿ ಮೊಟ್ಟಮೊದಲ ಬಾರಿಗೆ ಬಿದ್ದ, ಮತ್ತೆ ಬಿದ್ದ. ಆ ರಾತ್ರಿ ಅಮೆರಿಕದ ಹಲವು ಊರುಗಳಲ್ಲಿ ನಡೆದ ದಂಗೆಗಳಲ್ಲಿ ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನರು.

ಗರಡಿಮನೆ

ಎಲ್ಲರ ಮಾತು ಓದಿದ ಮೇಲೆ ನನ್ನ ಪಟ್ಟಿಯನ್ನು ಹೀಗೆ ಬದಲಿಸುತ್ತೇನೆ. ಉಸಿಕ್ ಮೊದಲನೆಯವನು, ಏಕೆಂದರೆ ತನ್ನ ಕಾಲದಲ್ಲಿ ಎದುರು ನಿಲ್ಲಬಲ್ಲವರನ್ನೆಲ್ಲ ಅವರ ಊರಿಗೇ ಹೋಗಿ ಅಥವಾ ಎಲ್ಲೋ ಮರುಭೂಮಿಯಲ್ಲಿ ಎದುರಿಸಿದ್ದಾನೆ. ಮಾರ್ಸಿಯಾನೋ ಎರಡನೆಯವನು: ಅವನ ಎದುರಾಳಿಗಳು ವಯಸ್ಸಾದವರು ಎಂಬುದು ನಿಜ, ಆದರೆ ಬಣ್ಣ ನೋಡಿ ಯಾರನ್ನೂ ದೂರವಿಟ್ಟವನಲ್ಲ, ಮತ್ತು ಆ ಕಾಲದಲ್ಲಿ ಅವರಿಗಿಂತ ಉತ್ತಮರು ಬೇರೆ ಯಾರೂ ಇರಲಿಲ್ಲ. ವ್ಲಾಡಿಮಿರ್ ಮೂರು, ಟನಿ ನಾಲ್ಕು, ಡೆಂಪ್ಸಿ ಐದು. ಆರನೆಯವನು ವಿಟಾಲಿ, 2003ರಲ್ಲಿ ಆಗಿನ ಚಾಂಪಿಯನ್ ಲೆನಾಕ್ಸ್ ಲೂಯಿಸ್ ಎದುರು ಎಡಗಣ್ಣಿನ ಮೇಲೆ ಮಾಂಸ ಜೋತುಬಿದ್ದು ವೈದ್ಯರು ನಿಲ್ಲಿಸಿದಾಗ ಮೂವರ ಎಣಿಕೆಯಲ್ಲೂ ಮುಂದಿದ್ದವನು, ವೃತ್ತಿಪರ ಪಂದ್ಯದಲ್ಲಿ ಒಮ್ಮೆಯೂ ನೆಲ ಕಾಣದವನು. ಏಳು ಫಿಟ್ಸಿಮನ್ಸ್, ಎಂಟು ಫ್ಯೂರಿ, ಒಂಬತ್ತು ಶ್ಮೆಲಿಂಗ್, ಹತ್ತು ಜೆಫ್ರೀಸ್.

ಹಳೇ ರೀಲು

ಶ್ಮೆಲಿಂಗ್‌ನನ್ನು ಒಂಬತ್ತರಲ್ಲೇ ಕೂರಿಸಿರುವುದು ಅನ್ಯಾಯ. ಎಲ್ಲರೂ ಸೋಲಿಸಲಾಗದವನೆಂದು ಕೈಮುಗಿದಿದ್ದ 22ರ ಹರೆಯದ ಜೋ ಲೂಯಿಸ್‌ನ ಹಿಂದಿನ ಪಂದ್ಯಗಳನ್ನು ನೋಡಿ, ಅವನು ಎಡಗೈ ಜ್ಯಾಬ್ ಹೊಡೆದ ಮೇಲೆ ಆ ಕೈಯನ್ನು ಕೆಳಗೆ ಬಿಡುತ್ತಾನೆ ಎಂಬುದನ್ನು ಕಂಡುಹಿಡಿದವನು ಶ್ಮೆಲಿಂಗ್. 1936ರ ಜೂನ್ 19ರಂದು ಯಾಂಕಿ ಸ್ಟೇಡಿಯಮ್‌ನಲ್ಲಿ ಆ ಕೈ ಇಳಿದಾಗಲೆಲ್ಲ ಅದರ ಮೇಲಿಂದ ಬಲಗೈ ಬಿಟ್ಟು, ಹನ್ನೆರಡನೇ ಸುತ್ತಿನಲ್ಲಿ ನಾಕೌಟ್ ಮಾಡಿದ. ಎರಡು ವರ್ಷದ ನಂತರ ಅದೇ ಅಂಗಳದಲ್ಲಿ ಲೂಯಿಸ್ ಅವನನ್ನು 124 ಸೆಕೆಂಡುಗಳಲ್ಲಿ ಮುಗಿಸಿದ್ದು ನಿಜ, ಅದಕ್ಕಾಗಿ ಒಂದು ಸ್ಥಾನ ಇಳಿಸಿ, ಬೇಡವೆನ್ನುವುದಿಲ್ಲ. ಆದರೆ ಈ ಹತ್ತು ಜನರಲ್ಲಿ, ಏರುಜವ್ವನದಲ್ಲಿದ್ದ ಜೋ ಲೂಯಿಸ್‌ನಂಥವನನ್ನು ಸೋಲಿಸಿದವನು ಇನ್ನೊಬ್ಬನಿದ್ದರೆ ಹೆಸರು ಹೇಳಿ. ಅಲ್ಲಿಯವರೆಗೆ ನನ್ನ ಪಟ್ಟಿಯಲ್ಲಿ ಶ್ಮೆಲಿಂಗ್ ಆರು, ವಿಟಾಲಿ ಏಳು.